ಯಾರೂ ಮನೆ ಬಿಟ್ಟು ಹೋಗದ ಜಗಳ

ಪ್ರಶ್ನೆ: ನನ್ನ ತಂದೆ ನಿವೃತ್ತರಾದ ಮೇಲೆ ಮೈಸೂರಿನ ಮನೆ ಬಾಡಿಗೆಗೆ ಕೊಟ್ಟು ಬೆಂಗಳೂರಿಗೆ ಬಂದು ನಮ್ಮ ಜೊತೆ ಇದ್ದಾರೆ. ರಾತ್ರಿ ಊಟ ಆದ ಮೇಲೆ ಇಬ್ಬರೂ ಕೂತು ಹಳೆಯ ಇಂಗ್ಲಿಷ್ ಹಾಸ್ಯ ಧಾರಾವಾಹಿಗಳನ್ನು ನೋಡುತ್ತೇವೆ. ‘ಆಲ್ ಇನ್ ದ ಫ್ಯಾಮಿಲಿ’ ನೋಡುವಾಗ ಅವರು ಮಾವ ಆರ್ಚಿಯ ಕಡೆ, ನಾನು ಅಳಿಯ ಮೈಕ್‌ನ ಕಡೆ. ಒಂದೇ ಮಾತಿಗೆ ಇಬ್ಬರೂ ನಗುತ್ತೇವೆ, ಆದರೆ ಕಾರಣ ಬೇರೆ ಬೇರೆ. ಬರೆದವರು ನಿಜಕ್ಕೂ ಯಾರ ಪಕ್ಷ? ಎರಡು ತಲೆಮಾರಿನ ಜಗಳ ಅರ್ಧ ಗಂಟೆಯಲ್ಲಿ ರಾಜಿಯಾಗಿಬಿಡುವುದು ಸುಳ್ಳಲ್ಲವೇ? ಇದೇ ಜಗಳ ನಮ್ಮ ಕನ್ನಡ ಧಾರಾವಾಹಿಗಳಿಗೆ ಬಂದರೆ ಏಕೆ ಬರೀ ಕಣ್ಣೀರಾಗುತ್ತದೆ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಉಳಿದೆರಡಕ್ಕೂ ದಾರಿ ಅಲ್ಲಿಂದಲೇ ಸಿಗುತ್ತದೆ. ಒಳ್ಳೆಯ ಕೌಟುಂಬಿಕ ಹಾಸ್ಯದಲ್ಲಿ ರಾಜಿ ಆಗುವುದೇ ಇಲ್ಲ, ಆದ ಹಾಗೆ ಕಾಣುತ್ತದೆ. ಆಗಿದ್ದಿದ್ದರೆ ಮುಂದಿನ ವಾರ ಅದೇ ಇಬ್ಬರು ಅದೇ ನಡುಮನೆಯಲ್ಲಿ ಅದೇ ವಿಷಯಕ್ಕೆ ಯಾಕೆ ಕಚ್ಚಾಡುತ್ತಿದ್ದರು? ಕಂತಿನ ಕೊನೆಗೆ ಇಬ್ಬರೂ ದಣಿದಿರುತ್ತಾರೆ. ಯಾರೋ ಟೀ ಮಾಡುತ್ತಾರೆ, ಯಾರೋ ಊಟಕ್ಕೆ ಕರೆಯುತ್ತಾರೆ. ಜಗಳದ ಬೇರು ಇದ್ದಲ್ಲೇ ಇರುತ್ತದೆ. ಆ ಬೇರು ರಾಜಕೀಯದ್ದೋ, ದೇವರದ್ದೋ, ಕೂದಲು ಬಿಡುವುದರದ್ದೋ ಎಂದು ನೋಡುವವರಿಗೆ ಅನ್ನಿಸುತ್ತದೆ. ಈ ಧಾರಾವಾಹಿಗಳನ್ನು ಬಹಳ ಕಾಲದಿಂದ ನೋಡುತ್ತ, ಅವುಗಳ ಬಗ್ಗೆ ಬರೆಯುತ್ತ ಬಂದ ನನಗೆ ಅದರ ಕೆಳಗೆ ಬೇರೆಯದೇ ಲೆಕ್ಕ ಕಾಣುತ್ತದೆ: ಮನೆ ಯಾರದು, ದುಡಿಯುವವರು ಯಾರು, ಬಿಟ್ಟು ಹೋಗಲಾರದವರು ಯಾರು.

ಇದನ್ನು ಮೊದಲ ಬಾರಿಗೆ ಪೂರಾ ಧೈರ್ಯದಿಂದ ತೋರಿಸಿದ್ದು ಬ್ರಿಟನ್ನಿನ ‘ಸ್ಟೆಪ್ಟೋ ಆ್ಯಂಡ್ ಸನ್’. ನೀವು ಅದನ್ನು ನೋಡಿರದಿದ್ದರೆ ದಯವಿಟ್ಟು ಮೊದಲು ಅಲ್ಲಿಂದ ಶುರುಮಾಡಿ. ರೇ ಗಾಲ್ಟನ್ ಮತ್ತು ಅಲನ್ ಸಿಂಪ್ಸನ್ ಎಂಬ ಜೋಡಿ ಅದನ್ನು ಬಿಬಿಸಿಗೆ ಬರೆಯಿತು. 1962ರ ಜನವರಿಯಲ್ಲಿ ‘ಕಾಮಿಡಿ ಪ್ಲೇಹೌಸ್’ ಎಂಬ ಬಿಡಿ ನಾಟಕಗಳ ಸರಣಿಯಲ್ಲಿ ‘ದ ಆಫರ್’ ಎಂಬ ಒಂದೇ ಒಂದು ಕಂತಾಗಿ ಅದು ಬಂದಿತ್ತು. ಲಂಡನ್ನಿನ ಶೆಫರ್ಡ್ಸ್ ಬುಷ್‌ನ ಆಯಿಲ್ ಡ್ರಮ್ ಲೇನ್ ಎಂಬ ಕಲ್ಪಿತ ಬೀದಿಯಲ್ಲಿ ಒಂದು ಗುಜರಿ ಅಂಗಳ. ಅಪ್ಪ ಆಲ್ಬರ್ಟ್, ಮಗ ಹ್ಯಾರಲ್ಡ್, ಒಂದು ಕುದುರೆ, ಒಂದು ಗಾಡಿ. ತಾಯಿ ಇಲ್ಲ. ಮಗನಿಗೆ ವಯಸ್ಸು ಮೂವತ್ತು ದಾಟಿ ಎಷ್ಟೋ ಕಾಲವಾಗಿದೆ. ಮದುವೆಯಿಲ್ಲ, ಮನೆಯಲ್ಲಿ ಗುಜರಿ ರಾಶಿ. ಆದರೂ ಅವನಿಗೆ ಪುಸ್ತಕ ಓದಬೇಕು, ಶಾಸ್ತ್ರೀಯ ಸಂಗೀತ ಕೇಳಬೇಕು, ಒಳ್ಳೆಯ ಜನರ ನಡುವೆ ಕೂತು ಮಾತಾಡಬೇಕು ಎಂಬ ಆಸೆ.

ಆ ಮೊದಲ ಕಂತಿನಲ್ಲಿ ಹ್ಯಾರಲ್ಡ್ ತನಗೆ ಬೇರೆ ಕಡೆ ಅವಕಾಶ ಬಂದಿದೆ, ಹೊರಟೆ ಎನ್ನುತ್ತಾನೆ. ತನ್ನ ಸಾಮಾನನ್ನೆಲ್ಲ ಗಾಡಿಗೆ ಹೇರುತ್ತಾನೆ. ಕುದುರೆ ಕೊಡುವುದಿಲ್ಲ ಎಂದು ಅಪ್ಪ ಹೇಳಿಬಿಡುತ್ತಾನೆ. ಸರಿ, ನಾನೇ ಎಳೆಯುತ್ತೇನೆ ಎಂದು ಹ್ಯಾರಲ್ಡ್ ನೊಗಕ್ಕೆ ಕೈಹಾಕುತ್ತಾನೆ. ಗಾಡಿ ಅಲ್ಲಾಡುವುದಿಲ್ಲ. ಮತ್ತೆ ಎಳೆಯುತ್ತಾನೆ, ಬೇಡಿಕೊಳ್ಳುತ್ತಾನೆ, ಕೊನೆಗೆ ಗಾಡಿಯನ್ನೇ ಹಿಡಿದು ಅಳುತ್ತಾನೆ. ಅಪ್ಪ ಹತ್ತಿರ ಬಂದು, ಇನ್ನೊಂದು ದಿನ ಹೋದರಾಯಿತು, ಇದಕ್ಕಿಂತ ಒಳ್ಳೆಯ ಅವಕಾಶ ಬರುವ ತನಕ ನಿನ್ನ ಅಪ್ಪನ ಜೊತೆ ಇರು ಎಂದು ಸಮಾಧಾನ ಮಾಡಿ ಒಳಗೆ ಕರೆದೊಯ್ಯುತ್ತಾನೆ. ಹಾಸ್ಯ ನಾಟಕವೆಂದು ಕೂತ ಪ್ರೇಕ್ಷಕರು ಈ ದೃಶ್ಯದ ಮುಂದೆ ಏನು ಮಾಡಬೇಕು? ಅಪ್ಪ ದುಷ್ಟನೇ, ಪ್ರೀತಿಯಿಂದ ತಡೆದನೇ? ಮಗ ಕೈದಿಯೇ, ಹೋಗಲು ಮನಸ್ಸಿಲ್ಲದೆ ನೆವ ಹುಡುಕುತ್ತಿದ್ದನೇ? ಇವುಗಳಲ್ಲಿ ಒಂದನ್ನೇ ಆರಿಸಲು ಆಗುವುದಿಲ್ಲ. ಹನ್ನೆರಡು ವರ್ಷ, ನಡುವೆ ಒಂದು ದೊಡ್ಡ ಬಿಡುವಿನೊಂದಿಗೆ 1974ರ ಕ್ರಿಸ್ಮಸ್‌ವರೆಗೆ, ಆ ಧಾರಾವಾಹಿ ನಡೆದದ್ದು ಈ ಗಾಡಿಯ ದೃಶ್ಯದ ಬಲದ ಮೇಲೆ ಎಂದೇ ನನ್ನ ನಂಬಿಕೆ.

ಗಾಲ್ಟನ್ ಮತ್ತು ಸಿಂಪ್ಸನ್ ಮಾಡಿದ ಅತಿ ಜಾಣ ಕೆಲಸವೆಂದರೆ ಹೆಸರಾದ ಹಾಸ್ಯನಟರ ಗೋಜಿಗೆ ಹೋಗದೆ ಗಂಭೀರ ಪಾತ್ರ ಮಾಡುತ್ತಿದ್ದ ನಟರನ್ನು ಹಾಕಿಕೊಂಡದ್ದು. ಹ್ಯಾರಲ್ಡ್ ಆದ ಹ್ಯಾರಿ ಎಚ್. ಕಾರ್ಬೆಟ್ ಜೋನ್ ಲಿಟಲ್‌ವುಡ್ ಅವರ ರಂಗತಂಡದಿಂದ ಬಂದವರು. ಅಪ್ಪನಾದ ವಿಲ್ಫ್ರಿಡ್ ಬ್ರಾಂಬೆಲ್ ಡಬ್ಲಿನ್‌ನವರು, ಹುಟ್ಟಿದ್ದು 1912ರಲ್ಲಿ. ಕಾರ್ಬೆಟ್ ಹುಟ್ಟಿದ್ದು 1925ರಲ್ಲಿ. ಅಂದರೆ ಅಪ್ಪ ಮಗನ ನಡುವೆ ನಿಜದಲ್ಲಿ ಹದಿಮೂರೇ ವರ್ಷದ ಅಂತರ, ಮೊದಲ ಕಂತಿನ ಹೊತ್ತಿಗೆ ಆ ‘ಮುದುಕ’ನಿಗೆ ಐವತ್ತೂ ತುಂಬಿರಲಿಲ್ಲ. ಇಬ್ಬರೂ ನಗಿಸಲು ಹೋಗಲಿಲ್ಲ. ತಮಗೆ ಬೇಕಾದ್ದನ್ನು ಪಡೆಯಲು ಹೆಣಗಿದರು, ನಗು ತಾನಾಗಿ ಬಂತು. ಅಂದಿನ ಬ್ರಿಟನ್ ಇದನ್ನು ಎಷ್ಟು ಹಚ್ಚಿಕೊಂಡಿತ್ತೆಂದರೆ 1964ರ ಚುನಾವಣೆಯ ದಿನ ಸಂಜೆ ಇದರ ಮರುಪ್ರಸಾರವಿದೆ ಎಂದು ತಿಳಿದು ಲೇಬರ್ ಪಕ್ಷದ ಹೆರಾಲ್ಡ್ ವಿಲ್ಸನ್ ಗಾಬರಿಯಾದರು. ತಮ್ಮ ಮತದಾರರು ಟಿವಿ ಮುಂದೆಯೇ ಕೂತುಬಿಟ್ಟಾರು ಎಂದು ಬಿಬಿಸಿಯ ಮುಖ್ಯಸ್ಥ ಹ್ಯೂ ಗ್ರೀನ್ ಅವರಿಗೆ ದೂರಿದರು, ಕಾರ್ಯಕ್ರಮದ ವೇಳೆ ಮುಂದೆ ಹೋಯಿತು. ಆ ಚುನಾವಣೆಯಲ್ಲಿ ಲೇಬರ್ ಪಕ್ಷಕ್ಕೆ ದಕ್ಕಿದ್ದು ನಾಲ್ಕು ಸ್ಥಾನಗಳ ಬಹುಮತ.

1972ರ ಒಂದು ಕಂತನ್ನು, ‘ಡಿವೈಡೆಡ್ ವಿ ಸ್ಟ್ಯಾಂಡ್’, ನಮ್ಮಲ್ಲಿ ಪಾಲಾದ ಮನೆಗಳನ್ನು ಕಂಡವರೆಲ್ಲ ನೋಡಬೇಕು. ಇನ್ನು ಒಟ್ಟಿಗೆ ಬದುಕಲಾರೆ ಎಂದು ಹ್ಯಾರಲ್ಡ್ ಮನೆಯ ನಡುವೆ ಹಲಗೆಯ ಗೋಡೆ ಎಬ್ಬಿಸುತ್ತಾನೆ. ದಾಟಲು ಒಂದು ತಿರುಗುಗೇಟು, ಅದಕ್ಕೆ ನಾಣ್ಯ ಹಾಕಬೇಕು. ಟಿವಿ ಒಂದೇ, ಆದ್ದರಿಂದ ಅದನ್ನು ಗೋಡೆಯ ನಡುವೆ ಇಡುತ್ತಾರೆ. ಯಾವ ಚಾನೆಲ್ ಎಂಬುದಕ್ಕೆ ಮತ್ತೆ ಜಗಳ. ಕೊನೆಗೆ ಇಬ್ಬರೂ ಆಸ್ಪತ್ರೆ ಸೇರುತ್ತಾರೆ, ಅಲ್ಲಿಯೂ ಅಕ್ಕಪಕ್ಕದ ಹಾಸಿಗೆ. ನಮ್ಮ ಊರುಗಳಲ್ಲಿ ಹಜಾರದ ನಡುವೆ ಇಟ್ಟಿಗೆ ಗೋಡೆ ಎದ್ದ ಮೇಲೂ ಆಚೆಯ ಕೆಮ್ಮು ಈಚೆಗೆ ಕೇಳಿಸುತ್ತಲೇ ಇರುತ್ತದಲ್ಲ, ಅದೇ ಸಂಕಟ. ಪಾಲು ಮಾಡಿಕೊಂಡರೂ ಸಂಬಂಧ ತುಂಡಾಗುವುದಿಲ್ಲ ಎಂಬುದನ್ನು ಯಾರ ಬಾಯಿಂದಲೂ ಹೇಳಿಸದೆ ಆ ಗೇಟಿನ ಮೂಲಕ ಬರೆದವರು ತೋರಿಸಿದ್ದಾರೆ.

ಇನ್ನು ನಿಮ್ಮ ಆರ್ಚಿಯ ವಿಷಯ. ಅವನ ಮೂಲವೂ ಲಂಡನ್. ಜಾನಿ ಸ್ಪೈಟ್ ಬರೆದ ‘ಟಿಲ್ ಡೆತ್ ಅಸ್ ಡು ಪಾರ್ಟ್’ನಲ್ಲಿ ವಾರನ್ ಮಿಚೆಲ್ ಮಾಡಿದ ಆಲ್ಫ್ ಗಾರ್ನೆಟ್ ಎಂಬ ಬಾಯಿಬಡುಕ ಮಾವನನ್ನು ಅಮೆರಿಕಕ್ಕೆ ತಂದು ಆರ್ಚಿಯಾಗಿಸಿದವರು ನಿರ್ಮಾಪಕ ನಾರ್ಮನ್ ಲಿಯರ್. ಎಬಿಸಿ ವಾಹಿನಿಗಾಗಿ ಮಾಡಿದ ಎರಡು ಮಾದರಿ ಕಂತುಗಳನ್ನು ಆ ವಾಹಿನಿ ಒಪ್ಪಲಿಲ್ಲ. ಕೊನೆಗೆ ಸಿಬಿಎಸ್ 1971ರ ಜನವರಿ 12ರಂದು ಪ್ರಸಾರ ಮಾಡಿತು, ಅದೂ ಮುಂಚಿತವಾಗಿ ಒಂದು ಎಚ್ಚರಿಕೆಯ ಫಲಕ ತೋರಿಸಿ. ನಂತರ ಸತತ ಐದು ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಜನ ನೋಡುವ ಕಾರ್ಯಕ್ರಮ ಅದೇ ಆಗಿತ್ತು.

ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲ. ಹದಿನೆಂಟು ತುಂಬಿದವರಿಗೆ ಮತದಾನದ ಹಕ್ಕು ಸಿಕ್ಕಿದ್ದೂ ಆ ವರ್ಷವೇ. ಹೀಗಾಗಿ ಆರ್ಚಿ ಮತ್ತು ಮೈಕ್ ನಡುವಿನ ಜಗಳವನ್ನು ಎಲ್ಲರೂ ದೇಶದ ಜಗಳವೆಂದೇ ಓದಿದರು. ಅದು ತಪ್ಪಲ್ಲ. ಆದರೆ ಮನೆಯ ಲೆಕ್ಕ ನೋಡಿ. ಕ್ವೀನ್ಸ್‌ನ 704 ಹಾಸರ್ ಸ್ಟ್ರೀಟ್ ಮನೆ ಆರ್ಚಿಯದು. ಸರಕು ಇಳಿಸುವ ಕಟ್ಟೆಯಲ್ಲಿ ಮೇಸ್ತ್ರಿಯಾಗಿ ದುಡಿದು ಆ ಮನೆ ನಡೆಸುವವನು ಅವನು. ಮೈಕ್ ಸಮಾಜಶಾಸ್ತ್ರ ಓದುವ ವಿದ್ಯಾರ್ಥಿ, ಸಂಬಳವಿಲ್ಲ, ಹೆಂಡತಿ ಗ್ಲೋರಿಯಾಳ ಜೊತೆ ಮಾವನ ಮನೆಯಲ್ಲೇ ವಾಸ, ಮಾವನ ಮನೆಯದೇ ಊಟ. ಅಮೆರಿಕದ ಪ್ರೇಕ್ಷಕರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೇನೋ, ನಮಗೆ ಬೇಡ. ಮನೆ ಅಳಿಯನ ಪಾಡು ಏನೆಂದು ನಮ್ಮ ಅಜ್ಜಿಯರಿಗೆಲ್ಲ ಗೊತ್ತಿತ್ತು. ಮೈಕ್ ಸಮಾನತೆಯ ಬಗ್ಗೆ ಗಂಟಲು ಹರಿಯುವಂತೆ ವಾದಿಸುವುದು ಮಾವ ತಂದು ಹಾಕಿದ ಅನ್ನ ಉಣ್ಣುತ್ತ. ಆರ್ಚಿಗೆ ವಾದದಲ್ಲಿ ಸೋಲು ಕಾಣತೊಡಗಿದರೆ ಇದು ನನ್ನ ಮನೆ ಎಂಬ ಒಂದೇ ಆಸರೆ ಉಳಿಯುತ್ತದೆ. ಆ ಮನೆಯ ಸಾರವೆಲ್ಲ ಅವನ ಕುರ್ಚಿಯಲ್ಲಿದೆ, ಬೇರೆ ಯಾರಾದರೂ ಕೂತರೆ ಎಬ್ಬಿಸುತ್ತಾನೆ. 1978ರಲ್ಲಿ ಆ ಕುರ್ಚಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯ ಸೇರಿತು.

ಬರೆದವರು ಯಾರ ಪಕ್ಷ ಎಂದು ಕೇಳಿದಿರಿ. ಅಭಿಪ್ರಾಯದಲ್ಲಿ ಲಿಯರ್ ನಿಸ್ಸಂದೇಹವಾಗಿ ಮೈಕ್‌ನ ಪಕ್ಷ, ಅದನ್ನು ಅವರು ಎಂದೂ ಮುಚ್ಚಿಡಲಿಲ್ಲ. ಆದರೆ ಆರ್ಚಿಯನ್ನು ಅವರು ಕಟ್ಟಿದ್ದು ತಮ್ಮ ತಂದೆ ಹರ್ಮನ್ ಅವರಿಂದ. ಲಿಯರ್‌ಗೆ ಒಂಬತ್ತು ವರ್ಷವಾಗಿದ್ದಾಗ ಆ ತಂದೆ ಮೋಸದ ವ್ಯವಹಾರಕ್ಕೆ ಸಿಕ್ಕಿ ಜೈಲಿಗೆ ಹೋದರು. ಹೆಂಡತಿಗೆ ಬಾಯಿ ಮುಚ್ಚೆಂದು ಗದರುವುದು, ಮಗನನ್ನು ಸೋಮಾರಿ ಎಂದು ಹಂಗಿಸುವುದು, ಮೀಸಲು ಕುರ್ಚಿ, ಇವೆಲ್ಲ ಆ ತಂದೆಯವು. ಅಂಥ ಅಪ್ಪನನ್ನು ಕೊನೆಯವರೆಗೂ ಪ್ರೀತಿಸುವುದನ್ನು ಬಿಡಲಾಗದ ಮಗ ಬರೆಸಿದ ಪಾತ್ರ ಆರ್ಚಿ. ಹಾಗಾಗಿ ವಾದದ ಮಟ್ಟದಲ್ಲಿ ಮೈಕ್ ಗೆಲ್ಲುತ್ತಾನೆ, ಮನಸ್ಸಿನಲ್ಲಿ ಉಳಿಯುವವನು ಆರ್ಚಿ. ಇದು ಬರವಣಿಗೆಯ ದೌರ್ಬಲ್ಯವೆಂದು ಕೆಲವರು ಹೇಳುತ್ತಾರೆ. ನನಗೆ ಅದರ ಜೀವವೇ ಅಲ್ಲಿ ಕಾಣುತ್ತದೆ.

ನಿಮ್ಮ ಮನೆಯ ಎರಡು ಬಗೆಯ ನಗುವಿನ ಬಗ್ಗೆ ಆ ಕಾಲದಲ್ಲೇ ಅಧ್ಯಯನ ನಡೆದಿದೆ. ನೀಲ್ ವಿಡ್ಮರ್ ಮತ್ತು ಮಿಲ್ಟನ್ ರೊಕೀಚ್ ಎಂಬ ಸಂಶೋಧಕರು ಅಮೆರಿಕದ ಹರೆಯದವರನ್ನೂ ಕೆನಡಾದ ವಯಸ್ಕರನ್ನೂ ವಿಚಾರಿಸಿ 1974ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡೂ ಗುಂಪಿನಲ್ಲಿ ಬಹಳಷ್ಟು ಜನ ಧಾರಾವಾಹಿಯನ್ನು ಇಷ್ಟಪಟ್ಟಿದ್ದರು. ಆದರೆ ಪೂರ್ವಗ್ರಹ ಹೆಚ್ಚಿದ್ದವರಿಗೆ ಆರ್ಚಿಯೇ ಮೆಚ್ಚುಗೆಯಾದ, ವಾದದಲ್ಲಿ ಗೆಲ್ಲುವವನೂ ಅವನೇ ಎಂದು ಅವರಿಗೆ ಕಂಡಿತು. ಕಡಿಮೆ ಇದ್ದವರಿಗೆ ಅದೇ ಕಂತುಗಳು ಆರ್ಚಿಯನ್ನು ಗೇಲಿ ಮಾಡುವಂತೆ ಕಂಡವು. ಹಾಸ್ಯವು ಪೂರ್ವಗ್ರಹವನ್ನು ಕರಗಿಸುತ್ತದೆ ಎಂಬ ಆಶೆಗೆ ಇದು ಬಲವಾದ ಪೆಟ್ಟು. ಲಂಡನ್ನಿನಲ್ಲೂ ಹಾಗೆಯೇ ಆಯಿತು: ಗೇಲಿಗೆಂದು ಮಾಡಿದ ಆಲ್ಫ್ ಗಾರ್ನೆಟ್‌ನನ್ನು ತಮ್ಮ ಮನಸ್ಸಿನ ಮಾತು ಆಡುವ ಗಂಡಸೆಂದು ಮೆಚ್ಚಿದವರಿಗೆ ಕಡಿಮೆ ಇರಲಿಲ್ಲ.

ನಿಮ್ಮ ತಂದೆಯವರನ್ನು ಇದರಿಂದ ಅಳೆಯಬೇಡಿ. ಆರ್ಚಿಯ ಕಡೆ ವಾಲುವವರೆಲ್ಲ ಅವನ ಜನಾಂಗ ನಿಂದನೆಯನ್ನು ಒಪ್ಪಿದವರಲ್ಲ. ಅರವತ್ತು ದಾಟಿದ ಎಷ್ಟೋ ಜನ ಅವನಲ್ಲಿ ನೋಡುವುದು ತನ್ನ ಮನೆಯಲ್ಲೇ ತನ್ನ ಮಾತು ನಡೆಯದಂತಾದ ಮನುಷ್ಯನನ್ನು. ನಿಮ್ಮ ತಂದೆಯ ವಿಷಯದಲ್ಲಿ ಇನ್ನೂ ಒಂದು ಸಂಗತಿಯಿದೆ. ಆರ್ಚಿ ತನ್ನ ಮನೆಯಲ್ಲೇ ಇದ್ದಾನೆ. ನಿಮ್ಮ ತಂದೆ ತಮ್ಮ ಮನೆ ಬಾಡಿಗೆಗೆ ಕೊಟ್ಟು ನಿಮ್ಮ ಮನೆಗೆ ಬಂದವರು. ಬೆಳಗಿನ ಪೇಪರ್ ಎಲ್ಲಿ ಕೂತು ಓದಬೇಕು, ಯಾವ ಹೊತ್ತಿಗೆ ಕಾಫಿ ಕೇಳಬಹುದು ಎಂಬಲ್ಲೂ ಅಂಥವರು ಲೆಕ್ಕ ಹಾಕುತ್ತಿರುತ್ತಾರೆ. ಕುರ್ಚಿಯ ಮೇಲೆ ಹಕ್ಕು ಸಾಧಿಸುವ ಮುದುಕನನ್ನು ಅವರು ಮೆಚ್ಚುವುದರಲ್ಲಿ ನನಗೆ ಆಶ್ಚರ್ಯವಿಲ್ಲ.

ಈ ಧಾರಾವಾಹಿಯ ಎರಡು ಕಂತುಗಳನ್ನು ಹೆಸರಿಸಿ ಹೇಳಲೇಬೇಕು. ಮೊದಲನೆಯದು 1973ರ ‘ಗೇಮ್ಸ್ ಬಂಕರ್ಸ್ ಪ್ಲೇ’. ಮನೆಯವರು, ನೆರೆಯವರು ಕೂಡಿ ಒಬ್ಬರ ಬಗ್ಗೆ ಒಬ್ಬರು ನಿಜ ಹೇಳುವ ಆಟ ಆಡುತ್ತಾರೆ. ತನ್ನ ಬಗ್ಗೆ ನಿಜ ಕೇಳಿಸಿಕೊಳ್ಳಲಾಗದೆ ಮೈಕ್ ಸಿಡಿಮಿಡಿಗೊಂಡು ಎಲ್ಲರ ಮೇಲೂ ಹರಿಹಾಯುತ್ತಾನೆ. ಆಗ ಅತ್ತೆ ಈಡಿತ್ ಅವನ ಹತ್ತಿರ ಹೋಗಿ ಆರ್ಚಿ ನಿನ್ನ ಮೇಲೆ ಯಾಕೆ ಕಿರುಚುತ್ತಾನೆ ಗೊತ್ತೇ ಎಂದು ಕೇಳುತ್ತಾಳೆ. ಅವನಿಗೆ ನಿನ್ನ ಮೇಲೆ ಅಸೂಯೆ. ನೀನು ಕಾಲೇಜಿಗೆ ಹೋಗುತ್ತೀಯ, ಏನು ಬೇಕಾದರೂ ಆಗಬಹುದು. ಅವನು ಮನೆಯವರನ್ನು ಸಾಕಲು ಓದು ಬಿಟ್ಟವನು, ಈಗ ಏನಾಗಿದ್ದಾನೋ ಅದಕ್ಕಿಂತ ಮುಂದೆ ಇನ್ನೇನೂ ಆಗುವವನಲ್ಲ. ಇದನ್ನು ಯೋಚಿಸು, ಎನ್ನುತ್ತಾಳೆ. ಹೆಚ್ಚು ಓದಿರದ ಆ ಹೆಂಗಸು ಸಮಾಜಶಾಸ್ತ್ರದ ವಿದ್ಯಾರ್ಥಿಗೆ ಹೇಳಿಕೊಟ್ಟ ಸಮಾಜಶಾಸ್ತ್ರ ಅದು. ತಲೆಮಾರುಗಳ ನಡುವಿನ ಸಿಟ್ಟಿಗೆ ಇಷ್ಟು ಸರಳವಾದ, ಇಷ್ಟು ಕರುಣೆಯ ವಿವರಣೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎರಡನೆಯದು 1978ರ ‘ಟೂಸ್ ಎ ಕ್ರೌಡ್’. ಆರ್ಚಿ ಈಗ ಒಂದು ಬಾರ್ ನಡೆಸುತ್ತಿದ್ದಾನೆ. ಅದರ ಉಗ್ರಾಣದಲ್ಲಿ ಮಾವ ಅಳಿಯ ಇಬ್ಬರೇ ಸಿಕ್ಕಿಹಾಕಿಕೊಳ್ಳುತ್ತಾರೆ, ಚಳಿ ಬೇರೆ, ಕುಡಿಯುತ್ತ ಮಾತಿಗೆ ಕೂರುತ್ತಾರೆ. ಬಡತನದಲ್ಲಿ ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಬೂಟು ಹಾಕಿಕೊಂಡು ಶಾಲೆಗೆ ಹೋದಾಗ ಹುಡುಗರು ಇಟ್ಟ ಅಡ್ಡಹೆಸರನ್ನು ಆರ್ಚಿ ಹೇಳುತ್ತಾನೆ. ಅಪ್ಪ ಹೊಡೆಯುತ್ತಿದ್ದುದನ್ನೂ ಹೇಳುತ್ತಾನೆ. ನಿಮ್ಮಪ್ಪ ಹೇಳಿದ್ದು ತಪ್ಪು ಎಂದು ಮೈಕ್ ಅಂದಾಗ ಆರ್ಚಿಗೆ ಅದು ಅರ್ಥವೇ ಆಗುವುದಿಲ್ಲ. ನಿನ್ನನ್ನು ಪ್ರೀತಿಸುವವನು ನಿನಗೆ ತಪ್ಪು ಹೇಗೆ ಹೇಳಿಕೊಟ್ಟಾನು ಎಂಬುದು ಅವನ ಪ್ರಶ್ನೆ. ಇಲ್ಲಿ ನಗು ಬಹುತೇಕ ನಿಂತೇ ಹೋಗುತ್ತದೆ. ಆರ್ಚಿಯ ಅಭಿಪ್ರಾಯಗಳೆಲ್ಲ ಅವನ ಅಪ್ಪನಿಂದ ಬಂದ ಆಸ್ತಿ, ಅವನ್ನು ಬಿಡುವುದೆಂದರೆ ಅವನ ಮಟ್ಟಿಗೆ ಅಪ್ಪನನ್ನೇ ಬಿಡುವುದು. ಮೈಕ್ ಏಳು ವರ್ಷ ವಾದಿಸಿದರೂ ಅವನನ್ನು ಬದಲಿಸಲಾಗದ್ದು ಏಕೆ ಎಂಬುದು ನಮಗೆ ಅಲ್ಲಿ ತಿಳಿಯುತ್ತದೆ. ಗಮನಿಸಿ, ಆ ಹೊತ್ತಿಗೆ ಮೈಕ್ ಅವನ ಮನೆಯಲ್ಲಿಲ್ಲ. ಕೆಲಸ ಸಿಕ್ಕಿ ಪಕ್ಕದ ಮನೆಗೆ ಹೋಗಿಯಾಗಿದೆ. ಅನ್ನದ ಹಂಗು ಹೋದ ಮೇಲೆಯೇ ಇಬ್ಬರಿಗೂ ಇಂಥ ಮಾತು ಸಾಧ್ಯವಾದದ್ದು.

ಈಡಿತ್ ಬಗ್ಗೆ ಇನ್ನೂ ಹೇಳುವುದಿದೆ, ಏಕೆಂದರೆ ಅಪ್ಪ ಮಗನ ಜಗಳದ ಬಗ್ಗೆ ಬರೆಯುವವರು ನಡುವೆ ನಿಂತ ಹೆಂಗಸನ್ನು ಮರೆಯುತ್ತಾರೆ. ಎರಡು ತಲೆಮಾರು ಒಂದೇ ಸೂರಿನಡಿ ಉಳಿಯುವುದು ಯಾರೋ ಒಬ್ಬರು ದಿನವಿಡೀ ಅತ್ತಿಂದಿತ್ತ ಓಡಾಡಿ, ಒಬ್ಬರ ಮಾತಿನ ಚೂಪನ್ನು ಇನ್ನೊಬ್ಬರಿಗೆ ತಾಗದಂತೆ ಮೊಂಡುಮಾಡುವುದರಿಂದ. ಜೀನ್ ಸ್ಟೇಪಲ್ಟನ್ ಈಡಿತ್ ಪಾತ್ರದಲ್ಲಿ ಅಡುಗೆಮನೆಗೂ ನಡುಮನೆಗೂ ನಡುವೆ ಸದಾ ಓಡುತ್ತಲೇ ಇರುತ್ತಾರೆ. ಮೊದಮೊದಲು ಅದನ್ನು ನೋಡಿ ನಗುತ್ತೇವೆ. ಹತ್ತಾರು ಕಂತು ನೋಡಿದ ಮೇಲೆ ಆ ಓಟವೇ ಮನೆಯನ್ನು ಹಿಡಿದಿಟ್ಟಿದೆ ಎಂದು ಅರಿವಾಗುತ್ತದೆ. ಅವಳ ಮುಟ್ಟು ನಿಲ್ಲುವ ಕಾಲದ ತಳಮಳವನ್ನು ಕುರಿತ 1972ರ ‘ಈಡಿತ್ಸ್ ಪ್ರಾಬ್ಲಂ’ ಕಂತು ಬರವಣಿಗೆಗಾಗಿ ಎಮ್ಮಿ ಪ್ರಶಸ್ತಿ ಪಡೆಯಿತು. ಆ ವಿಷಯವನ್ನು ಟಿವಿಯಲ್ಲಿ ಎತ್ತುವುದೇ ಆಗ ದೊಡ್ಡ ಸಂಗತಿ. ನಮ್ಮ ಮನೆಗಳಲ್ಲಿ ಈ ಓಟ ಓಡುವವರು ಹೆಚ್ಚಾಗಿ ಸೊಸೆಯಂದಿರು. ನಿಮ್ಮ ಪ್ರಶ್ನೆಯಲ್ಲಿ ನಿಮ್ಮ ಹೆಂಡತಿಯ ಸುದ್ದಿಯೇ ಇಲ್ಲ. ನೀವಿಬ್ಬರೂ ಊಟ ಮುಗಿಸಿ ಟಿವಿ ಮುಂದೆ ಕೂರುವಾಗ ಅವರು ಎಲ್ಲಿರುತ್ತಾರೆ, ಅವರು ಯಾವಾಗ ನಗುತ್ತಾರೆ ಎಂದು ತಿಳಿಯಲು ನನಗೆ ಆಸೆಯಿದೆ.

ಮುಂದಿನ ದಶಕಗಳದ್ದನ್ನು ಬೇಗ ಹೇಳಿಬಿಡುತ್ತೇನೆ. 1972ರಲ್ಲಿ ಎನ್‌ಬಿಸಿಗೆ ಬಂದ ‘ಸ್ಯಾನ್‌ಫರ್ಡ್ ಆ್ಯಂಡ್ ಸನ್’ ಸ್ಟೆಪ್ಟೋ ಕತೆಯನ್ನೇ ಲಾಸ್ ಏಂಜಲೀಸ್‌ನ ವಾಟ್ಸ್ ಬಡಾವಣೆಯ ಕಪ್ಪು ಜನರ ಮನೆಗೆ ತಂದಿತು. ಅಲ್ಲಿನ ಅಪ್ಪ ಫ್ರೆಡ್ ತನಗೆ ಸಂಕಟ ಬಂದಾಗಲೆಲ್ಲ ಎದೆ ಹಿಡಿದುಕೊಂಡು ಸತ್ತ ಹೆಂಡತಿಯನ್ನು ಕರೆಯುತ್ತಾನೆ. ಎದೆನೋವಿನ ನೆವದಿಂದ ಮಗನನ್ನು ಹಿಡಿದಿಡುವ ತಂದೆಯರು ನಮಗೂ ಹೊಸಬರಲ್ಲ. 1982ರ ‘ಫ್ಯಾಮಿಲಿ ಟೈಸ್’ ಎಲ್ಲವನ್ನೂ ತಿರುಗಿಸಿತು: ತಂದೆ ತಾಯಿ ಅರವತ್ತರ ದಶಕದ ಚಳವಳಿಯವರು, ಮೈಕಲ್ ಜೆ. ಫಾಕ್ಸ್ ಮಾಡಿದ ಮಗ ಹಣ, ಟೈ, ರೊನಾಲ್ಡ್ ರೇಗನ್ ಎಂದು ಜಪಿಸುವವನು. ಚೆನ್ನಾಗಿದೆ, ಆದರೆ ಅಲ್ಲಿ ಯಾರ ಅನ್ನಕ್ಕೂ ಕುತ್ತಿಲ್ಲ. ಜಗಳ ಮಾತಿನಲ್ಲೇ ಹುಟ್ಟಿ ಮಾತಿನಲ್ಲೇ ಮುಗಿಯುತ್ತದೆ. ನೀವು ಹೇಳುವ ಅರ್ಧ ಗಂಟೆಯ ಸುಳ್ಳು ರಾಜಿ ಹುಡುಕಿದರೆ ಇಂಥಲ್ಲಿ ಸಿಗುತ್ತದೆ.

1996ರಿಂದ 2005ರವರೆಗೆ ನಡೆದ ‘ಎವರಿಬಡಿ ಲವ್ಸ್ ರೇಮಂಡ್’ ಅತ್ತೆ ಸೊಸೆಯರ ಕತೆಯಾಗಿಯೇ ನನಗೆ ಹೆಚ್ಚು ಇಷ್ಟ. ಮಗನ ಮನೆ ಬೇರೆ, ಅಪ್ಪ ಅಮ್ಮನ ಮನೆ ಬೇರೆ, ನಡುವೆ ಒಂದು ರಸ್ತೆ ಮಾತ್ರ. ಒಂದು ಕಂತಿನಲ್ಲಿ ಸೊಸೆ ಡೆಬ್ರಾ ಅತ್ತೆ ಮರೀಯ ಹತ್ತಿರ ಅವಳ ಹೆಸರಾದ ಅಡುಗೆಯನ್ನು ಕಲಿಯಲು ಹೋಗುತ್ತಾಳೆ. ಅತ್ತೆ ಹೇಳಿಕೊಡುತ್ತಾಳೆ, ಆದರೆ ಮಸಾಲೆ ಸೀಸೆಯ ಚೀಟಿಯನ್ನು ಬದಲಿಸಿರುತ್ತಾಳೆ. ಕೈರುಚಿ ಹೋದರೆ ತನಗೆ ಆ ಮನೆಯಲ್ಲಿ ಇನ್ನೇನು ಉಳಿಯಿತು ಎಂಬ ಭಯ ಆ ಚೀಟಿಯ ಹಿಂದಿದೆ. 2015ರಲ್ಲಿ ಇದು ‘ಸುಮಿತ್ ಸಂಭಾಲ್ ಲೇಗಾ’ ಎಂಬ ಹೆಸರಿನಲ್ಲಿ ಹಿಂದಿಗೆ ಬಂತು. ಅದಕ್ಕೂ ಮೊದಲೇ, 2004ರಲ್ಲಿ, ‘ಸಾರಾಭಾಯಿ ವರ್ಸಸ್ ಸಾರಾಭಾಯಿ’ ಮುಂಬೈನ ಎದುರು ಬದುರು ಫ್ಲ್ಯಾಟುಗಳಲ್ಲಿ ಅತ್ತೆ ಮಾಯಾ ಮತ್ತು ಸೊಸೆ ಮೋನಿಶಾರನ್ನು ಇಟ್ಟಿತ್ತು. ರತ್ನಾ ಪಾಠಕ್ ಷಾ ಅವರ ಮಾಯಾ ಒಂದು ದನಿಯನ್ನೂ ಏರಿಸದೆ ಸೊಸೆಯ ಮಧ್ಯಮವರ್ಗದ ಬೇರನ್ನು ಚುಚ್ಚುತ್ತಾಳೆ. ಭಾರತದ ಟಿವಿಯಲ್ಲಿ ಅತ್ತೆ ಸೊಸೆಯರನ್ನು ಕಣ್ಣೀರಿಲ್ಲದೆ ತೋರಿಸಲು ಸಾಧ್ಯ ಎಂಬುದಕ್ಕೆ ಅದು ದೊಡ್ಡ ಸಾಕ್ಷಿ.

ಹಾಗಾದರೆ ಕನ್ನಡದಲ್ಲಿ ಏಕಿಲ್ಲ? ನಗುವ ಶಕ್ತಿ ನಮಗಿಲ್ಲ ಎಂದಲ್ಲ. ಕೈಲಾಸಂ ನೂರು ವರ್ಷಗಳ ಹಿಂದೆಯೇ ‘ಟೊಳ್ಳುಗಟ್ಟಿ’ಯಲ್ಲಿ ಪರೀಕ್ಷೆ ಗೆಲ್ಲುವ ಮಗನನ್ನೂ ಮನೆಯ ಕಷ್ಟಕ್ಕೆ ಒದಗುವ ಮಗನನ್ನೂ ಎದುರು ಬದುರು ನಿಲ್ಲಿಸಿ, ಹಿರಿಯರ ಅಳತೆಗೋಲನ್ನು ರಂಗದ ಮೇಲೆ ಮುರಿದು ತೋರಿಸಿದರು. ಈಟಿವಿ ಕನ್ನಡದ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ಗಳಿಗೆ ಮನೆಮಂದಿಯೆಲ್ಲ ಕೂತು ನಗುತ್ತಿದ್ದರು. ‘ಪಾಪ ಪಾಂಡು’ವಿನ ನಗು ಹುಟ್ಟುತ್ತಿದ್ದುದು ಮುಖ್ಯವಾಗಿ ಗಂಡ ಹೆಂಡಿರ ನಡುವೆ. ಅಪ್ಪ ಮಗನ ಜಗಳವನ್ನು ನಡುವಿಟ್ಟುಕೊಂಡು ವರ್ಷಗಟ್ಟಲೆ ನಗುವ ಧೈರ್ಯಕ್ಕೆ ನಮ್ಮ ವಾಹಿನಿಗಳು ಇನ್ನೂ ಮನಸ್ಸು ಮಾಡಿಲ್ಲ.

ಕಾರಣ ಬಹುಪಾಲು ರಚನೆಯದು. ಆರ್ಚಿ ವಾರಕ್ಕೊಮ್ಮೆ ಬರುತ್ತಿದ್ದ, ಪ್ರತಿ ವಾರವೂ ಕತೆ ಮೊದಲಿದ್ದಲ್ಲಿಗೆ ಮರಳುತ್ತಿತ್ತು. ನಮ್ಮ ಧಾರಾವಾಹಿ ವಾರದಲ್ಲಿ ಐದಾರು ದಿನ ಬರುತ್ತದೆ, ಕತೆ ಮುಂದಕ್ಕೆ ಸಾಗಲೇಬೇಕು, ನಾಳೆಗೆ ಒಂದು ಕೊಕ್ಕೆ ಉಳಿಯಲೇಬೇಕು. ಮುಂದಕ್ಕೆ ಸಾಗಬೇಕಾದ ಜಗಳಕ್ಕೆ ಅಪರಾಧಿ ಬೇಕು: ಕಾಗದಕ್ಕೆ ಕಳ್ಳ ಸಹಿ ಹಾಕಿಸಿಕೊಂಡ ಅತ್ತಿಗೆ, ಹಾಲಿಗೆ ಏನೋ ಬೆರೆಸಿದ ಚಿಕ್ಕಮ್ಮ. ಒಬ್ಬರನ್ನು ಕೆಟ್ಟವರೆಂದು ಗುರುತು ಮಾಡಿದ ಮೇಲೆ ಎದುರಿನವರಿಗೆ ಅಳುವುದೊಂದೇ ಕೆಲಸ. ಹಾಸ್ಯಕ್ಕೆ ಬೇಕಾದ್ದು ಬೇರೆ. ಇಬ್ಬರದೂ ಸ್ವಲ್ಪ ಸರಿ, ಇಬ್ಬರಿಗೂ ಹೋಗಲು ಬೇರೆ ಜಾಗವಿಲ್ಲ, ಇಬ್ಬರಿಗೂ ಮಾತು ಬರುತ್ತದೆ. ಇದರ ಜೊತೆಗೆ ಒಂದು ಸಂಕೋಚವೂ ನಮ್ಮಲ್ಲಿದೆ. ಅಪ್ಪನನ್ನು ನೋಡಿ ಎಲ್ಲರೆದುರು ನಗುವುದು ನಮಗೆ ಅವಮರ್ಯಾದೆ ಅನ್ನಿಸುತ್ತದೆ. ಅವರ ಮೇಲೆ ಕೋಪ ಮಾಡಿಕೊಂಡರೆ ಕ್ಷಮೆಯುಂಟು, ನಕ್ಕರೆ ಇಲ್ಲ. ಆ ಸಂಕೋಚವನ್ನು ನಾನು ಗೌರವಿಸುತ್ತೇನೆ, ಆದರೆ ಅದರಿಂದ ನಮಗೆ ನಷ್ಟವೂ ಆಗಿದೆ. ಕೋಪ ಎದುರಿನವರನ್ನು ದೂರ ನಿಲ್ಲಿಸುತ್ತದೆ. ಆರ್ಚಿಯನ್ನು ಕಂಡು ನಕ್ಕವರು ವರ್ಷಗಟ್ಟಲೆ ಅವನ ಮನೆಯಲ್ಲೇ ಕೂತಿದ್ದರು, ಹಾಗಾಗಿ ಉಗ್ರಾಣದಲ್ಲಿ ಅವನು ತನ್ನ ಅಪ್ಪನ ಬಗ್ಗೆ ಬಾಯಿಬಿಟ್ಟಾಗ ಕೇಳಿಸಿಕೊಳ್ಳಲು ಅವರು ಅಲ್ಲಿದ್ದರು.

ನೀವು ತಂದೆಯವರ ಜೊತೆ ಮುಂದೆ ಏನು ನೋಡಬೇಕೆಂದು ಕೇಳಿಲ್ಲ, ಆದರೂ ಹೇಳುತ್ತೇನೆ. ‘ಫ್ರೇಸಿಯರ್’ ನೋಡಿ. 1993ರಲ್ಲಿ ಶುರುವಾಗಿ ಹನ್ನೊಂದು ಸರಣಿ ನಡೆದದ್ದು. ಸಿಯಾಟಲ್‌ನಲ್ಲಿ ಮನೋವೈದ್ಯನಾದ ಮಗ, ಸೊಂಟಕ್ಕೆ ಗುಂಡು ತಗುಲಿ ನಿವೃತ್ತನಾದ ಪೊಲೀಸ್ ಅಪ್ಪ ಮಾರ್ಟಿನ್. ಇಲ್ಲಿ ಮನೆ ಮಗನದು, ಬಂದು ಸೇರಿದವನು ಅಪ್ಪ. ನಿಮ್ಮ ಮನೆಯ ಹಾಗೆಯೇ. ಅಪ್ಪ ತನ್ನ ಜೊತೆ ತರುವುದು ಒಂದು ನಾಯಿ ಮತ್ತು ಟೇಪು ಸುತ್ತಿ ತೇಪೆ ಹಾಕಿದ ಒಂದು ಹಳೆಯ ಆರಾಮಕುರ್ಚಿ. ದುಬಾರಿ ಸಾಮಾನುಗಳ ನಡುವೆ ಅದು ಮಗನ ಕಣ್ಣು ಕುಕ್ಕುತ್ತದೆ. ಮೊದಲ ಸರಣಿಯ ‘ಗಿವ್ ಹಿಮ್ ದ ಚೇರ್’ ಎಂಬ ಕಂತಿನಲ್ಲಿ ಮಗ ಅದರ ಬದಲು ಬೆಲೆಬಾಳುವ ಹೊಸ ಕುರ್ಚಿ ತರುತ್ತಾನೆ. ಹಳೆಯದು ಕೈತಪ್ಪಿ ಹೋಗುತ್ತದೆ. ಆಗ ಅಪ್ಪ ಆ ಕುರ್ಚಿಯಲ್ಲಿ ಕೂತು ತಾನು ಏನೇನು ಕಂಡೆ ಎಂದು ಹೇಳುತ್ತಾನೆ: ಚಂದ್ರನ ಮೇಲೆ ಮನುಷ್ಯ ಕಾಲಿಟ್ಟಿದ್ದು, ಮೊಮ್ಮಗ ಹುಟ್ಟಿದನೆಂದು ಈ ಮಗನೇ ಫೋನ್ ಮಾಡಿದ್ದು, ಕೂತಲ್ಲೇ ನಿದ್ದೆ ಹೋದಾಗ ಹೆಂಡತಿ ಬಂದು ಎಬ್ಬಿಸುತ್ತಿದ್ದುದು. ಜಾನ್ ಮಹೋನಿ ಆ ಮಾತನ್ನು ಯಾವ ಅಬ್ಬರವೂ ಇಲ್ಲದೆ ಆಡುತ್ತಾರೆ.

ಕ್ರಮ ಹೀಗಿರಲಿ: ಮೊದಲು ‘ದ ಆಫರ್’, ಆಮೇಲೆ ‘ಗೇಮ್ಸ್ ಬಂಕರ್ಸ್ ಪ್ಲೇ’, ಆಮೇಲೆ ಈ ಕುರ್ಚಿಯ ಕಂತು. ಮೂರಕ್ಕೂ ನಿಮ್ಮ ಹೆಂಡತಿಯವರನ್ನೂ ಜೊತೆಗೆ ಕೂರಿಸಿಕೊಳ್ಳಿ, ಆ ರಾತ್ರಿ ಪಾತ್ರೆ ನೀವು ತೊಳೆಯಿರಿ. ಬ್ರಿಟಿಷ್ ಉಚ್ಚಾರಣೆ ತಂದೆಯವರಿಗೆ ಕಷ್ಟವಾಗಬಹುದು, ಅಡಿಬರಹ ಹಾಕಿಕೊಳ್ಳಿ. ಮೈಸೂರಿನ ಮನೆಯಿಂದ ಅವರು ತರಲಾಗದೆ ಬಿಟ್ಟುಬಂದ ಸಾಮಾನು ಯಾವುದಾದರೂ ಇದ್ದರೆ ಮೂರನೆಯ ಕಂತು ಮುಗಿದ ಮೇಲೆ ಕೇಳಿ. ಬೆಂಗಳೂರಿಗೆ ಒಂದು ಟೆಂಪೋದಲ್ಲಿ ತರಿಸುವಷ್ಟು ದೂರವೇನೂ ಅಲ್ಲ.